ಬಿಸಿನೀರ ತೊಟ್ಟಿಗೆ ಎಂಥ ಧಾರೆ ಹೊಂದುತ್ತದೆ?

ಮನೆಗೆ ಜಕೂಜಿ ಹಾಕಿಸಿಕೊಂಡವರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ. ಮೊದಲ ತಿಂಗಳು ಬಿಸಿನೀರಿನ ಸಂಭ್ರಮವೇ ಸಾಕಾಗಿರುತ್ತದೆ. ಆಮೇಲೆ ಒಂದು ಸಂಜೆ ಟಬ್ಬಿನಲ್ಲಿ ಕೂತಾಗ ಎದುರಿಗೆ ಪಕ್ಕದ ಮನೆಯ ಬರಿ ಗೋಡೆ ಕಾಣುತ್ತದೆ, ರಸ್ತೆಯ ಹಾರ್ನ್ ಕೇಳುತ್ತದೆ. ‘ಏನಾದ್ರೂ ನೀರು ಬೀಳೋ ಹಾಗೆ ಮಾಡಿಕೊಡಿ ಸಾರ್’ ಅಂತ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸುತ್ತಾರೆ. ಹೆಚ್ಚಿನ ಫೋಟೋಗಳು ಒಂದೇ ಥರ ಇರುತ್ತವೆ: ಕಪ್ಪು ಕಲ್ಲಿನ ಗೋಡೆ, ಅದರಿಂದ ಗಾಜಿನ ಹಾಳೆಯಂತೆ ಟಬ್ಬಿನೊಳಕ್ಕೇ ಬೀಳುವ ನೀರು, ಕೆಳಗೆ ನೀಲಿ ದೀಪ.

ಫೋಟೋ ನೋಡಿದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ. ಬೀಳುವ ನೀರು ಯಾವುದು? ನೀವು ಕೂತ ಬಿಸಿನೀರೇ ಮೇಲೆ ಹತ್ತಿ ಬೀಳಬೇಕೋ, ಪಕ್ಕದಲ್ಲಿ ಬೇರೆ ತಣ್ಣೀರು ತನ್ನ ಪಾಡಿಗೆ ಸುತ್ತುತ್ತಿರಬೇಕೋ? ಕಲ್ಲು, ದೀಪ, ಆಕಾರ ಎಲ್ಲ ಆಮೇಲಿನ ಮಾತು. ಈ ಒಂದು ತೀರ್ಮಾನ ತಪ್ಪಿದರೆ ಉಳಿದದ್ದೆಲ್ಲ ಸರಿಯಾಗಿದ್ದರೂ ವರ್ಷ ತುಂಬುವುದರೊಳಗೆ ವಾಲ್ವ್ ಮುಚ್ಚಿ ಇಟ್ಟಿರುತ್ತೀರಿ. ಹಾಗೆ ಮುಚ್ಚಿಟ್ಟ ಧಾರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಮೊದಲು ನಾನೇ ಕಟ್ಟಿಸಿದವೂ ಅದರಲ್ಲಿವೆ.

ಬಿಸಿನೀರನ್ನು ಗಾಳಿಗೆ ಬಿಟ್ಟರೆ ಆಗುವುದೇನು

ನಾಲ್ಕೈದು ಜನ ಕೂರುವ ಟಬ್ಬಿನಲ್ಲಿ ಸುಮಾರು 1,200 ಲೀಟರ್ ನೀರು ಹಿಡಿಯುತ್ತದೆ. ಬೆಂಗಳೂರಿನ ಸಂಪಿನಿಂದ 24 ಡಿಗ್ರಿಯಲ್ಲಿ ಬಂದ ಆ ನೀರನ್ನು 39 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರವೇ 21 ಯೂನಿಟ್ ಕರೆಂಟು ಬೇಕು. 3 ಕಿಲೋವ್ಯಾಟ್ ಹೀಟರ್ ಆದರೆ ಏಳು ಗಂಟೆ. ಹೀಗೆ ಕಾಯಿಸಿದ ನೀರು ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ಆವಿಯಾಗಿ. ಒಂದು ಲೀಟರ್ ಆವಿಯಾದರೆ ಅದರ ಜೊತೆ ಸುಮಾರು 0.67 ಯೂನಿಟ್ ಶಾಖ ಹೋಗುತ್ತದೆ. ಎರಡು ಲೀಟರ್ ಹೋದರೆ ಇಡೀ ಟಬ್ ಒಂದು ಡಿಗ್ರಿ ಆರುತ್ತದೆ. ಆವಿ ಏಳದಿರಲಿ ಅಂತಲೇ ಟಬ್ಬಿಗೆ ದಪ್ಪ ಮುಚ್ಚಳ ಕೊಟ್ಟಿರುತ್ತಾರೆ. ಬಿಸಿನೀರನ್ನು ತೆಳ್ಳಗೆ ಹರಡಿ ಗಾಳಿಯಲ್ಲಿ ಬೀಳಿಸುವುದು ಆ ಮುಚ್ಚಳಕ್ಕೆ ನೇರ ವಿರುದ್ಧದ ಕೆಲಸ. ಪಾಯಸ ಆರಿಸಲು ತಟ್ಟೆಗೆ ಸುರಿದು ಹರಡುತ್ತೇವಲ್ಲ, ಇದೂ ಹಾಗೆಯೇ.

ಎರಡನೆಯದು ರಸಾಯನ. ನೀರು ಬಿದ್ದು ಗಾಳಿ ಬೆರೆತಷ್ಟೂ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರುತ್ತದೆ. 7.2ರಲ್ಲಿ ಕ್ಲೋರಿನ್ನಿನ ಸುಮಾರು ಮೂರರಲ್ಲಿ ಎರಡು ಪಾಲು ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಪಾಲಿನಷ್ಟೇ ಉಳಿಯುತ್ತದೆ. ಪರೀಕ್ಷೆ ಕಡ್ಡಿಯಲ್ಲಿ ಕ್ಲೋರಿನ್ ‘ಸರಿ ಇದೆ’ ಅಂತ ತೋರಿಸಿದರೂ ಅದು ಅರ್ಧ ನಿದ್ದೆಯಲ್ಲಿರುತ್ತದೆ. ಧಾರೆ ಇರುವ ಟಬ್ಬಿಗೆ ಪಿಎಚ್ ಇಳಿಸುವ ಪುಡಿ ಹೆಚ್ಚು ಬೇಕಾಗುವುದು ಇದಕ್ಕೇ.

ಮೂರನೆಯದನ್ನು ನಾನು ಯಾರ ಮನೆಯಲ್ಲೂ ಹೇಳದೆ ಬಿಡುವುದಿಲ್ಲ. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನೀರಿನಲ್ಲಿ ಸೊಗಸಾಗಿ ಬೆಳೆಯುತ್ತದೆ. ನಮ್ಮ ಟಬ್ ನಿಲ್ಲುವುದು ಸರಿಯಾಗಿ ಅಲ್ಲೇ. ಕುಡಿದರೆ ಸಾಮಾನ್ಯವಾಗಿ ಏನೂ ಆಗದು, ಸಣ್ಣ ಹನಿಗಳ ಜೊತೆ ಉಸಿರಿನೊಳಗೆ ಹೋದರೆ ನ್ಯುಮೋನಿಯಾ ತರುತ್ತದೆ. 1999ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನ ಬೋವನ್‌ಕಾರ್ಸ್ಪೆಲ್ ಎಂಬ ಊರಿನ ಹೂವಿನ ಪ್ರದರ್ಶನದಲ್ಲಿ ಬಿಸಿನೀರ ಟಬ್‌ಗಳನ್ನು ಮಾರಾಟಕ್ಕಾಗಿ ಚಾಲೂ ಮಾಡಿ ಇಟ್ಟಿದ್ದರು. ಯಾರೂ ಅದರಲ್ಲಿ ಇಳಿದಿರಲಿಲ್ಲ, ಪಕ್ಕದಲ್ಲಿ ನಡೆದುಹೋದರು ಅಷ್ಟೆ. ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು ಇದ್ದರೆ ಈ ಸಂಗತಿಗೆ ತೂಕ ಇನ್ನೂ ಹೆಚ್ಚು.

ಟಬ್ಬಿನ ಒಳಗೋಡೆಯಿಂದ ರಭಸವಾಗಿ ನೀರು ಚಿಮ್ಮಿಸುವ ಜೆಟ್‌ಗಳೇ ಹನಿ ಎಬ್ಬಿಸುತ್ತವಲ್ಲ, ಧಾರೆಯೊಂದನ್ನೇ ಏಕೆ ದೂರಬೇಕು ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವ್ಯತ್ಯಾಸ ಇರುವುದು ಪೈಪಿನಲ್ಲಿ. ಜೆಟ್‌ನ ಪೈಪಿನಲ್ಲಿ ನೀರು ದಿನವೂ ಓಡುತ್ತದೆ. ಅಲಂಕಾರದ ಪೈಪನ್ನು ನೆಂಟರು ಬಂದಾಗ ತೆರೆಯುತ್ತಾರೆ, ಮತ್ತೆ ಮೂರು ವಾರ ಮುಚ್ಚಿಡುತ್ತಾರೆ. ಆ ಮೂರು ವಾರ ಪೈಪಿನಲ್ಲಿ ನಿಂತ ಬೆಚ್ಚನೆಯ ನೀರಿನಲ್ಲಿ ಕ್ಲೋರಿನ್ ಕರಗಿಹೋಗಿ ಒಳಗೋಡೆಗೆ ಲೋಳೆ ಕಟ್ಟುತ್ತದೆ. ಮುಂದಿನ ಸಲ ತೆರೆದಾಗ ಮೊದಲು ಬೀಳುವುದು ಆ ನೀರು, ಅದೂ ಮುಖದ ಮಟ್ಟದಲ್ಲಿ.

ಹಾಳೆಯಂತೆ ಬೀಳುವ ಧಾರೆ

ಫೋಟೋದಲ್ಲಿ ಇದಕ್ಕೆ ಸಮನಾದದ್ದಿಲ್ಲ, ಒಪ್ಪುತ್ತೇನೆ. ಸ್ಟೀಲಿನ ಅಥವಾ ಅಕ್ರಿಲಿಕ್ಕಿನ ಉದ್ದ ಬಾಯಿಯಿಂದ ನೀರು ಒಂದೇ ಅಗಲದಲ್ಲಿ ಹೊಮ್ಮುತ್ತದೆ. ಹಾಳೆ ಹರಿಯದೆ ಒಂದೇ ಸಮನೆ ಬೀಳಬೇಕಾದರೆ ಬಾಯಿಯ ಪ್ರತಿ ಸೆಂಟಿಮೀಟರಿಗೆ ಗಂಟೆಗೆ 100ರಿಂದ 150 ಲೀಟರ್ ನೀರು ಬೇಕು. ಎರಡಡಿ ಅಗಲದ ಧಾರೆ ಎಂದರೆ ಗಂಟೆಗೆ 6,000ದಿಂದ 9,000 ಲೀಟರ್. ಅಂದರೆ ನಿಮ್ಮ ಟಬ್ಬಿನ ಅಷ್ಟೂ ನೀರು ಗಂಟೆಗೆ ಐದರಿಂದ ಏಳೂವರೆ ಸಲ ಗಾಳಿಯಲ್ಲಿ ಹಾರಿ ಬರುತ್ತದೆ. ಮೇಲೆ ಹೇಳಿದ ಮೂರೂ ತೊಂದರೆಗಳನ್ನು ಅದರಿಂದ ಗುಣಿಸಿಕೊಳ್ಳಿ.

ಇನ್ನೊಂದು ಸಂಗತಿ ಫೋಟೋದಲ್ಲಿ ಕಾಣುವುದಿಲ್ಲ, ಅದು ಸದ್ದು. ಟಬ್ಬಿನಲ್ಲಿ ಕೂತವರ ಕಿವಿ ನೀರಿಗಿಂತ ಒಂದು ಗೇಣು ಮಾತ್ರ ಮೇಲಿರುತ್ತದೆ. ನೀರು ಬಂದು ಅಪ್ಪಳಿಸುವ ಜಾಗ ಕಿವಿಗೆ ಅಷ್ಟು ಹತ್ತಿರ. ನಿಂತು ನೋಡುವವರಿಗೆ ಇಂಪಾಗಿ ಕೇಳುವ ಎರಡಡಿ ಎತ್ತರದ ಧಾರೆ ಕೂತವರಿಗೆ ಗಲಾಟೆ. ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಜನ ಟಬ್ಬಿಗೆ ಇಳಿಯುವುದೇ ಎರಡು ಮಾತಾಡಲು, ಸುಮ್ಮನಿರಲು. ಹಾಳೆ ಧಾರೆ ಇವೆರಡನ್ನೂ ಕಿತ್ತುಕೊಳ್ಳುತ್ತದೆ.

ಗಡಸು ನೀರಿನ ಊರಲ್ಲಂತೂ ಕತೆ ಬೇಗ ಮುಗಿಯುತ್ತದೆ. ಬೋರ್‌ವೆಲ್ ನೀರಿನ ಸುಣ್ಣದ ಅಂಶ ತಣ್ಣೀರಿಗಿಂತ ಬಿಸಿನೀರಿನಲ್ಲಿ ಬೇಗ ಗಟ್ಟಿಯಾಗಿ ಕೂರುತ್ತದೆ. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆಲ್ಲ ಗೊತ್ತು. ಧಾರೆಯ ಬಾಯಿ ಕೆಲವೇ ಮಿಲಿಮೀಟರ್ ಸಂದಿ. ಅಲ್ಲಿ ಒಂದು ಕಡೆ ಬಿಳಿ ಉಪ್ಪು ಕಟ್ಟಿತೆಂದರೆ ಹಾಳೆ ಅಲ್ಲೇ ಸೀಳುತ್ತದೆ. ಆಮೇಲೆ ಹಲ್ಲು ಬಿದ್ದ ಬಾಚಣಿಗೆಯ ಹಾಗೆ ನೀರು ಎಳೆ ಎಳೆಯಾಗಿ ಬೀಳುತ್ತದೆ.

ಇಷ್ಟು ಕೇಳಿದ ಮೇಲೂ ಹಾಳೆಯೇ ಬೇಕೆಂದರೆ ಅದನ್ನು ಟಬ್ಬಿನೊಳಕ್ಕೆ ಬೀಳಿಸಬೇಡಿ. ನಾಲ್ಕಡಿ ಆಚೆ ಒಂದು ಕಿರಿದಾದ ತೊಟ್ಟಿ ಕಟ್ಟಿ, ತಣ್ಣೀರನ್ನು, ಮಳೆನೀರಾದರೆ ಇನ್ನೂ ಒಳ್ಳೆಯದು, ಅಲ್ಲಿ ಬೀಳಿಸಿ. ಬಾಯಿ 316 ದರ್ಜೆಯ ಸ್ಟೀಲ್ ಇರಲಿ. 304 ಕ್ಲೋರಿನ್ನಿನ ಪಕ್ಕದಲ್ಲಿ ಕಂದು ಕಲೆ ಬಿಡುತ್ತದೆ. ನೀರು ಎಷ್ಟು ಎತ್ತರದಿಂದ ಬೀಳುತ್ತದೋ ಸುತ್ತ ಕನಿಷ್ಠ ಅಷ್ಟು ಅಗಲಕ್ಕೆ ಹನಿ ಸಿಡಿಯುತ್ತದೆ ಎಂದು ಎಣಿಸಿ ತೊಟ್ಟಿಯ ಅಂಚು ಇಡಿ. ಮೋಟರ್ ನಿಂತಾಗ ಪೈಪಿನಲ್ಲಿದ್ದ ನೀರೆಲ್ಲ ಒಮ್ಮೆಗೇ ಕೆಳಗೆ ಬರುತ್ತದೆ. ಕರೆಂಟು ಹೋದಾಗಲೆಲ್ಲ ಅಂಗಳ ಒದ್ದೆಯಾಗದಿರಲು ತೊಟ್ಟಿಯಲ್ಲಿ ಕಾಲು ಭಾಗ ಖಾಲಿ ಬಿಟ್ಟಿರಬೇಕು.

ದಂಬೆಯಿಂದ ಬೀಳುವ ದಪ್ಪ ಧಾರೆ

ನಾನು ಸಾಗರದ ಕಡೆಯವನು. ಗುಡ್ಡದ ಮೇಲಿನ ಅಬ್ಬಿಯಿಂದ ಅಡಿಕೆ ಮರ ಸೀಳಿ ತೋಡಿದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಮನೆವರೆಗೆ ನೀರು ತರುತ್ತಿದ್ದರು. ಬಚ್ಚಲ ಹಿಂದಿನ ಕಲ್ಲುಮರಿಗೆಗೆ ಆ ನೀರು ಹಗಲೂ ರಾತ್ರಿ ಬೀಳುತ್ತಿತ್ತು. ಅದರ ಸದ್ದಿಗೆ ಯಾರಿಗೂ ನಿದ್ದೆ ಕೆಟ್ಟದ್ದಿಲ್ಲ. ಅದು ನಿಂತರೆ ಮಾತ್ರ ಮನೆಯವರಿಗೆ ಎಚ್ಚರವಾಗುತ್ತಿತ್ತು, ಮೇಲೆ ಎಲ್ಲೋ ದಂಬೆ ಜಾರಿದೆ ಅಂತ. ಆ ಸದ್ದು ಹಾಗಿರಲು ಕಾರಣ ಉಂಟು. ನೀರು ಒಂದೇ ಎಳೆಯಾಗಿ, ದಪ್ಪವಾಗಿ, ಒಂದು ಗೇಣು ಎತ್ತರದಿಂದ, ಆಳವಾದ ನೀರಿಗೆ ಬೀಳುತ್ತಿತ್ತು. ದಪ್ಪ ಧಾರೆ ಹನಿಯಾಗಿ ಒಡೆಯುವುದು ಕಡಿಮೆ. ಆಳದ ನೀರಿಗೆ ಬಿದ್ದಾಗ ಸದ್ದು ಕೆಳಸ್ಥಾಯಿಯಲ್ಲಿ ಬರುತ್ತದೆ, ಚಪಚಪ ಅನ್ನದೆ ಗುಳುಗುಳು ಅನ್ನುತ್ತದೆ.

ಬಿಸಿನೀರೇ ಬೀಳಬೇಕು ಅನ್ನುವವರಿಗೆ ನಾನು ಒಪ್ಪಿ ಮಾಡಿಕೊಡುವುದು ಇದೊಂದನ್ನೇ. ಗಂಟೆಗೆ 1,000ದಿಂದ 1,500 ಲೀಟರ್ ಸಾಕು, ಹಾಳೆಗೆ ಬೇಕಾದದ್ದರ ಆರನೇ ಒಂದು ಪಾಲು. ಬೀಳುವ ಎತ್ತರ 15ರಿಂದ 25 ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. ದಂಬೆಯ ತುಟಿ ಟಬ್ಬಿನ ಅಂಚಿನಿಂದ ಎರಡು ಮೂರು ಇಂಚು ಮುಂದೆ ಚಾಚಿರಲಿ. ತುಟಿಯ ಅಡಿಭಾಗದಲ್ಲಿ ಒಂದು ಸಣ್ಣ ಗೀರು ಕೊರೆಸಿ. ಗೀರು ಇಲ್ಲದಿದ್ದರೆ ನೀರು ಕಲ್ಲಿನ ಕೆಳಮೈ ಹಿಡಿದು ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಹಳೆಯ ದೇವಸ್ಥಾನಗಳ ಕಪೋತದ, ಅಂದರೆ ಹೊರಚಾಚಿದ ಕಲ್ಲಿನ ಸೂರಿನ, ಅಡಿಯಲ್ಲಿ ಬೆರಳಿಟ್ಟು ನೋಡಿದರೆ ಇಂಥ ಗೀರು ಸಿಗುತ್ತದೆ. ಧಾರೆಗೆ ಪ್ರತ್ಯೇಕ ವಾಲ್ವ್ ಇರಲಿ, ಆದರೆ ಪೂರ್ತಿ ಮುಚ್ಚಿಡಬೇಡಿ. ಫಿಲ್ಟರ್ ಓಡುವ ಹೊತ್ತಿಗೆ ದಿನವೂ ಹದಿನೈದು ನಿಮಿಷವಾದರೂ ಧಾರೆಯೂ ಓಡಬೇಕು, ಟಬ್ಬಿನಲ್ಲಿ ಯಾರೂ ಇಲ್ಲದಾಗ. ಪೈಪಿನಲ್ಲಿ ಲೋಳೆ ಕಟ್ಟದಿರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನಿಜವಾದ ಅಡಿಕೆ ದಂಬೆಯನ್ನೇ ಇಡೋಣ ಅಂತ ಹೋಂಸ್ಟೇಯವರು ಕೇಳುತ್ತಾರೆ. ತಣ್ಣೀರಿಗೆ ಸರಿ. ಕ್ಲೋರಿನ್ ಬೆರೆತ ಬಿಸಿನೀರಿಗೆ ಬೇಡ. ಮರ ನಾರುನಾರಾಗಿ ಬಿಚ್ಚಿಕೊಂಡು ಆ ನಾರು ಫಿಲ್ಟರ್ ಸೇರುತ್ತದೆ. ತಾಮ್ರದ ನಳಿಗೆ ಕಣ್ಣಿಗೆ ಹಬ್ಬ, ಆದರೆ ಪಿಎಚ್ ಇಳಿದ ದಿನ ತಾಮ್ರ ನೀರಿಗೆ ಬಿಡುತ್ತದೆ, ಬಿಳಿ ಟಬ್ಬಿನಲ್ಲಿ ಹಸಿರು ಕಲೆ ಉಳಿಯುತ್ತದೆ. ಕರಿಕಲ್ಲಿನ ದಂಬೆಯೇ ಎಲ್ಲಕ್ಕಿಂತ ಮೇಲು.

ಗೋಮುಖದ ಬಗ್ಗೆ ಒಂದು ಮಾತು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಕಲ್ಲು ಕೆತ್ತುವವರಿದ್ದಾರೆ. ಗೋಮುಖ, ನಂದಿಮುಖ ಎಂಥದ್ದನ್ನೂ ಮಾಡಿಕೊಡುತ್ತಾರೆ. ಮಲ್ಲೇಶ್ವರದ ದಕ್ಷಿಣಮುಖ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ಬೀಳುವ ಸಣ್ಣ ಧಾರೆಯನ್ನು ಕಂಡವರಿಗೆ ಅಂಥದ್ದೇ ಬೇಕೆನಿಸುವುದು ಸಹಜ. ಆದರೆ ಅಲ್ಲಿ ಅದು ಅಭಿಷೇಕದ ನೀರು. ನಾವು ಕಾಲು ಚಾಚಿ ಕೂರುವ ನೀರಿಗೆ ನಂದಿಯ ಬಾಯಿಂದ ಧಾರೆ ಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಒಂದು ಮನೆಯಲ್ಲಿ ಮಗ ಗೋಮುಖಕ್ಕೆ ಮುಂಗಡ ಕೊಟ್ಟು ಬಂದಿದ್ದ. ಅವನ ಅಮ್ಮ, ‘ತಮ್ಮಾ, ಆಕಳ ಬಾಯಿಗೆ ಎದುರಾಗಿ ಕಾಲು ನೀಡಿ ಹೆಂಗೆ ಕೂರೂದೊ?’ ಅಂದರು. ಅಲ್ಲಿಗೆ ಮಾತು ಮುಗಿಯಿತು. ಕೆತ್ತನೆಯಿಲ್ಲದ ದಂಬೆಯನ್ನೇ ಹಾಕಿದೆವು. ಅದು ಆ ಮನೆಗೆ ಚೆನ್ನಾಗಿ ಒಪ್ಪಿದೆ.

ಗೋಡೆಯ ಮೈಮೇಲೆ ಹರಿಯುವ ನೀರು

ಮೂವತ್ತು ನಲವತ್ತರ ಸೈಟಿನಲ್ಲಿ ಟಬ್ ಸಾಮಾನ್ಯವಾಗಿ ಹಿತ್ತಲಿನ ಓಣಿಯಲ್ಲೋ ತಾರಸಿಯ ಮೂಲೆಯಲ್ಲೋ ಇರುತ್ತದೆ. ಅಲ್ಲಿ ಜಾಗ ಉಳಿದಿರುವುದು ಗೋಡೆಯಲ್ಲಿ ಮಾತ್ರ. ಒರಟು ಕಲ್ಲಿನ ಮೇಲೆ ನೀರು ಅಂಟಿಕೊಂಡೇ ಇಳಿದರೆ ಸದ್ದು ಬಹಳ ಕಡಿಮೆ, ಹನಿ ಹಾರುವುದೂ ಕಡಿಮೆ. ಸಂಜೆ ಓರೆಯಾಗಿ ಒಂದು ದೀಪ ಬಿಟ್ಟರೆ ಇಡೀ ಗೋಡೆ ಮಿನುಗುತ್ತದೆ. ನಗರದ ಮನೆಗಳಿಗೆ ನನಗೆ ಇದು ಇಷ್ಟ. ಆದರೆ ಇದರಲ್ಲಿ ಎಡವುವ ಜಾಗ ಎರಡಿವೆ. ನಾನು ಎರಡರಲ್ಲೂ ಎಡವಿದ್ದೇನೆ.

ಒಂದು, ಕಲ್ಲು. ಶುರುವಿನಲ್ಲಿ ಒಂದು ಮನೆಗೆ ಕಡಪ ಕಲ್ಲಿನ ಕಪ್ಪು ಗೋಡೆ ಮಾಡಿಸಿ ಬೋರ್‌ವೆಲ್ ನೀರು ಬಿಟ್ಟೆ. ಮೂರು ತಿಂಗಳಿಗೆ ಮೇಲಿಂದ ಕೆಳಗೆ ವಿಭೂತಿ ಬಳಿದ ಹಾಗೆ ಬಿಳಿ ಗೆರೆಗಳು. ಅದನ್ನು ತೆಗೆಯಲು ಆ್ಯಸಿಡ್ ಹಾಕಿಸಿದೆ. ಕಡಪ ಕಲ್ಲೂ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲುಗಳು. ಆ್ಯಸಿಡ್ ಉಪ್ಪಿನ ಜೊತೆ ಕಲ್ಲನ್ನೂ ತಿಂದಿತು, ಹೊಳಪೆಲ್ಲ ಹೋಗಿ ಬೂದುಬಣ್ಣ ಉಳಿಯಿತು. ಆ ಗೋಡೆಯನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ. ಆವತ್ತಿನಿಂದ ನೀರು ಮುಟ್ಟುವ ಕಡೆಗೆಲ್ಲ ಸಾದರಹಳ್ಳಿ ಕಲ್ಲು. ಅದು ಗ್ರಾನೈಟ್, ಬಣ್ಣ ತಿಳಿ ಬೂದು, ಉಪ್ಪು ಕಟ್ಟಿದರೂ ಅಷ್ಟಾಗಿ ಕಾಣುವುದಿಲ್ಲ, ತಿಕ್ಕಿ ತೊಳೆದರೆ ತಡೆದುಕೊಳ್ಳುತ್ತದೆ. ಕರಾವಳಿಯ ಮುರಕಲ್ಲು ಚೆಂದ ನಿಜ, ಆದರೆ ಮೈತುಂಬ ತೂತು. ನೀರು ಕುಡಿದು ಪಾಚಿ ಹಿಡಿಯುತ್ತದೆ. ಪಾಚಿ ಬೇಕೆಂದೇ ಇಷ್ಟಪಡುವವರಿಗಾದರೆ ಸರಿ. ಬಳಪದ ಕಲ್ಲಿನಲ್ಲಿ ಕೆತ್ತನೆ ಸೊಗಸಾಗಿ ಬರುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ, ಕೈಗೆಟುಕದ ಕಡೆ ಇಡಿ.

ಎರಡು, ಗೋಡೆಯ ಆಚೆಬದಿ. ಅಲ್ಲಿ ಮಲಗುವ ಕೋಣೆಯಿದ್ದರೆ ಒಂದು ಮಳೆಗಾಲದೊಳಗೆ ಬಣ್ಣ ಉಬ್ಬಿ ಉದುರುತ್ತದೆ, ನೀವು ಎಷ್ಟೇ ವಾಟರ್‌ಪ್ರೂಫಿಂಗ್ ಬಳಿಸಿ. ಮನೆಯ ಗೋಡೆಗೆ ಕಲ್ಲು ಅಂಟಿಸಬೇಡಿ. ಮುಂದೆ ಒಂದು ಗೇಣು ಬಿಟ್ಟು ಬೇರೆಯೇ ತೆಳುಗೋಡೆ ಎಬ್ಬಿಸಿ, ನೀರು ಅದರ ಮೇಲೆ ಹರಿಯಲಿ. ನೀರು ತಣ್ಣೀರೇ ಆಗಿರಲಿ. ಇಷ್ಟು ದೊಡ್ಡ ಮೈಮೇಲೆ ಬಿಸಿನೀರು ಹರಿಸಿದರೆ ಇಡೀ ಗೋಡೆ ಸೇರಿ ನಿಮ್ಮ ಟಬ್ಬನ್ನು ಆರಿಸುತ್ತದೆ.

ಉಕ್ಕುವ ಕಲ್ಲು

‘ನಿಮ್ಮ ಮನೆಗೆ ನೀವೇನು ಹಾಕಿಸಿಕೊಳ್ತೀರಿ?’ ಅಂತ ಕೇಳಿದರೆ ನನ್ನ ಉತ್ತರ ಇದು. ಒಂದು ದುಂಡು ಕಲ್ಲು, ಅಥವಾ ಹಳೆಯ ಒರಳು, ಅಥವಾ ಕಲ್ಲುಮರಿಗೆ. ನಡುವೆ ಒಂದಿಂಚಿನ ತೂತು ಕೊರೆಸಿ ಅಡಿಯಿಂದ ಪೈಪ್ ತಂದರೆ ನೀರು ಮೇಲೆ ಹಾರದೆ, ಹಾಲು ಉಕ್ಕುವ ಹಾಗೆ ಬಾಯಿತುಂಬ ಉಬ್ಬಿ ಮೈಮೇಲೆ ಇಳಿದು ಕೆಳಗಿನ ನುಣುಪುಗಲ್ಲುಗಳ ಸಂದಿಯಲ್ಲಿ ಮಾಯವಾಗುತ್ತದೆ. ಕಲ್ಲುಗಳ ಕೆಳಗೆ ಜಾಲರಿ, ಜಾಲರಿಯ ಕೆಳಗೆ 150-200 ಲೀಟರಿನ ಪುಟ್ಟ ಸಂಪು, ಅದರಲ್ಲಿ ಗಂಟೆಗೆ 1,500 ಲೀಟರ್ ಎತ್ತುವ ಮೋಟರ್. ಇಷ್ಟೇ ಸಾಮಾನು.

ಮೋಟರ್ 40 ವ್ಯಾಟಿನದಾದರೆ ದಿನಕ್ಕೆ ಐದು ಗಂಟೆ ಓಡಿಸಿದರೂ ತಿಂಗಳಿಗೆ ಆರು ಯೂನಿಟ್. ಟಬ್ಬಿನ ಶಾಖಕ್ಕೂ ರಸಾಯನಕ್ಕೂ ಇದರ ಸಂಬಂಧವೇ ಇಲ್ಲ. ಕೆಟ್ಟರೆ ಮೋಟರ್ ತೆಗೆದು ಬೇರೆ ಹಾಕುತ್ತೀರಿ, ಟಬ್ಬನ್ನು ಮುಟ್ಟಬೇಕಾಗಿಲ್ಲ. ಮೇಲೆ ನಿಂತ ನೀರು ಕಾಣುವುದಿಲ್ಲವಾದ್ದರಿಂದ ಸಣ್ಣ ಮಕ್ಕಳಿರುವ ಮನೆಗೆ ಭಯವೂ ಕಡಿಮೆ. ಕಿವಿಯ ಮಟ್ಟದಲ್ಲೇ ಇರುವುದರಿಂದ ಸಣ್ಣ ಸದ್ದೇ ಸಾಕು, ಟಬ್ಬಿನಲ್ಲಿ ಕೂತವರಿಗೆ ರಸ್ತೆ ಮರೆತುಹೋಗುತ್ತದೆ.

ಟಬ್ಬಿನಿಂದ ನಾಲ್ಕಡಿಯಾದರೂ ದೂರ ಇಡಿ. ಹತ್ತಿರವಿದ್ದರೆ ಕ್ಲೋರಿನ್ ನೀರು ಸಿಡಿದು ಸುತ್ತ ನೆಟ್ಟ ಒಂದೆಲಗ, ಜರೀಗಿಡ ಸುಟ್ಟುಹೋಗುತ್ತವೆ. ಒದ್ದೆ ಕೈ ಚಾಚಿದರೆ ಮೋಟರಿನ ವಯರು ಸಿಗುವಂತಿರಬಾರದು ಅನ್ನುವುದೂ ಇದಕ್ಕೆ ಕಾರಣ. ಊರಿಗೆ ಹೋಗಿ ವಾರಗಟ್ಟಲೆ ನಿಲ್ಲಿಸಿದರೆ ಸಂಪಿನಲ್ಲಿ ಸೊಳ್ಳೆ ಏಳುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಜಾಲರಿಯ ಮೇಲೆ ಸೊಳ್ಳೆಪರದೆಯ ಬಟ್ಟೆ ಹಾಸಿ, ಇಲ್ಲವೇ ಹೋಗುವ ಮುಂಚೆ ಸಂಪು ಬರಿದು ಮಾಡಿ.

ಉಳಿದವು

ಟಬ್ಬಿನ ಜೊತೆಗೇ ಬರುವ ಪುಟ್ಟ ಧಾರೆ: ಬಂದಿದ್ದರೆ ಇರಲಿ. ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಡಿ. ಕೊಳ್ಳುವ ಮುಂಚೆ ಫಿಲ್ಟರ್ ಓಡುವಾಗ ಅದರಲ್ಲೂ ನೀರು ಹರಿಯುತ್ತದೋ ಕೇಳಿ. ಇಲ್ಲದ ಟಬ್ಬಿಗೆ ತೂತು ಕೊರೆಸಿ ಕೂಡಿಸಲು ಹೋದರೆ ವಾರಂಟಿ ಹೋಗುತ್ತದೆ.

ಮಳೆಪರದೆ, ಮಂಜು ಚಿಮ್ಮಿಸುವ ನಳಿಗೆ: ಬಿಸಿನೀರಿನಲ್ಲಿ ನಾನು ಮಾಡಿಕೊಡುವುದಿಲ್ಲ. ಲೀಜನೆಲ್ಲಾ ಬಗ್ಗೆ ಹೇಳಿದ್ದೇ ಕಾರಣ.

ಗಾಜಿನ ಕೋಲಿನಂತೆ ಬಾಗಿ ಬೀಳುವ ಜೆಟ್: ಗಾಳಿಯಿಲ್ಲದ ಒಳಾಂಗಳದಲ್ಲಿ ಅದ್ಭುತ. ತಾರಸಿಯಲ್ಲಿ ಸಂಜೆಗಾಳಿಗೆ ಒಡೆದುಹೋಗುತ್ತದೆ.

ಗಾಳಿ ತುಂಬಿ ಉಬ್ಬಿಸುವ ಟಬ್ ಇರುವವರು ಬೇರೆ ಯೋಚನೆ ಬಿಟ್ಟು ಪಕ್ಕದಲ್ಲಿ ಒಂದು ಉಕ್ಕುವ ಕಲ್ಲು ಇಟ್ಟುಕೊಳ್ಳಿ.

ಮಲೆನಾಡಿನವರಿಗೆ ಇನ್ನೊಂದು ದಾರಿಯಿದೆ. ಮಳೆಗಾಲದ ನಾಲ್ಕು ತಿಂಗಳು ಮೋಟರ್ ಧಾರೆ ಯಾಕೆ? ಟಬ್ಬಿನ ಮೇಲೆ ಮಾಡು ಇದ್ದರೆ ಅದರ ಸೂರಿನಿಂದ ಒಂದು ಸರಪಳಿ ಇಳಿಬಿಟ್ಟು ಕೆಳಗೆ ಹಳೆಯ ಹಂಡೆ ಇಡಿ. ಮಳೆ ಬಂದಾಗ ಸೂರುನೀರು ಸರಪಳಿ ಹಿಡಿದು ಇಳಿಯುತ್ತದೆ. ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಅದನ್ನು ನೋಡುತ್ತ ಕೂರುವ ಸುಖಕ್ಕೆ ಕರೆಂಟು ಬೇಕಿಲ್ಲ.

ತಾರಸಿಯಾದರೆ ಮೊದಲು ಎಂಜಿನಿಯರ್

1,200 ಲೀಟರ್ ನೀರು ಅಂದರೆ 1,200 ಕೆ.ಜಿ. ಟಬ್ಬಿನದು 250, ನಾಲ್ಕು ಜನರದು 280. ಎರಡು ಮೀಟರ್ ಚೌಕದ ಮೇಲೆ 1,730 ಕೆ.ಜಿ., ಚದರ ಮೀಟರಿಗೆ 430ರ ಸುಮಾರು. ಭಾರತೀಯ ಮಾನಕ ಐಎಸ್ 875 ಪ್ರಕಾರ ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 150 ಕೆ.ಜಿ. ಆಸುಪಾಸು. ಇದರ ಮೇಲೆ ಚೆಂದಕ್ಕೆಂದು ಎರಡಡಿ ಉದ್ದ, ಅಗಲ, ಎತ್ತರದ ಸಾದರಹಳ್ಳಿ ಕಲ್ಲು ತಂದಿಟ್ಟರೆ ಇನ್ನೂ 600 ಕೆ.ಜಿ. ‘ಮೋಲ್ಡ್ ಗಟ್ಟಿ ಇದೆ ಸಾರ್, ಏನೂ ಆಗಲ್ಲ’ ಅನ್ನುವ ಮೇಸ್ತ್ರಿಯ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ತೊಲೆ, ಕಂಬ ನೋಡಿ ಬರೆದುಕೊಡುವವರೆಗೆ ಟಬ್ಬೂ ಬೇಡ, ಕಲ್ಲೂ ಬೇಡ. ತಾರಸಿಗೆ ಕಲ್ಲಿನ ಬದಲು ಫೈಬರಿನ ಮರಿಗೆ ಸಾಕು, ಅದರಲ್ಲೂ ನೀರು ಚೆನ್ನಾಗಿಯೇ ಉಕ್ಕುತ್ತದೆ.

ಹೀರುವ ಬಾಯಿ, ಕರೆಂಟು

ಧಾರೆಗೆ ಟಬ್ಬಿನಿಂದಲೇ ನೀರು ಎಳೆಯುವುದಾದರೆ ತಳದಲ್ಲಿ ಇನ್ನೊಂದು ಹೀರುವ ಬಾಯಿ ಬರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಹಾಟ್ ಟಬ್ಬಿನ ತಳದ ಹೀರುಬಾಯಿಗೆ ಸಿಕ್ಕಿಕೊಂಡು, ಮೇಲೆಳೆಯಲಾಗದೆ ಮುಳುಗಿ ತೀರಿಕೊಂಡಳು. ಅವಳ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಮೈ ಅಥವಾ ಕೂದಲು ಸಿಕ್ಕಿಕೊಳ್ಳದಂಥ ಮುಚ್ಚಳವನ್ನು ಅದು ಸಾರ್ವಜನಿಕ ಕೊಳಗಳಿಗೆ ಕಡ್ಡಾಯ ಮಾಡಿತು. ನಮ್ಮ ಪ್ಲಂಬರ್ ಚಪ್ಪಟೆ ಜಾಲರಿ ಹಾಕಲು ಬಂದರೆ ನಿಲ್ಲಿಸಿ. ಒಂದು ಮೋಟರಿಗೆ ದೂರದೂರದಲ್ಲಿ ಎರಡು ಹೀರುಬಾಯಿ ಇರಬೇಕು, ಒಂದು ಮುಚ್ಚಿಹೋದರೂ ಇನ್ನೊಂದರಿಂದ ನೀರು ಬರುವಂತೆ. ಉಬ್ಬು ಮುಚ್ಚಳವೇ ಇರಬೇಕು. ಒಡೆದ ದಿನ ಟಬ್ ಬಂದ್.

ಕರೆಂಟಿನ ಮಾತು ಚಿಕ್ಕದು. ನೀರಿನೊಳಗಿನ ದೀಪ, ಸಣ್ಣ ಮೋಟರ್ ಎಲ್ಲ 12 ವೋಲ್ಟಿನವು. ಲೈನಿಗೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಸ್ವಿಚ್ಚು ಟಬ್ಬಿನಿಂದ ಕೈಗೆಟುಕದ ಕಡೆ.

ನೀರು ಎಲ್ಲಿಂದ

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಕ್ಯೂ ನಿಂತಾಗ, ಕಾರು ತೊಳೆಯಲು, ಕೈತೋಟಕ್ಕೆ, ಅಲಂಕಾರದ ಕಾರಂಜಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಮಾಡಿತು. ದಂಡ 5,000 ರೂಪಾಯಿ. 2025ರ ಫೆಬ್ರವರಿಯಲ್ಲಿ ಅಂಥದ್ದೇ ಆದೇಶ ಮತ್ತೆ ಬಂತು. ದಂಡ ಇರಲಿ ಬಿಡಲಿ, ಪಕ್ಕದ ಬೀದಿಯವರು ಕೊಡ ಹಿಡಿದು ನಿಂತಿರುವಾಗ ನನ್ನ ಕಾರಂಜಿಗೆ ಕಾವೇರಿ ನೀರು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ದಾರಿ ತಲೆಯ ಮೇಲೇ ಇದೆ. 100 ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಒಂದು ಒಳ್ಳೆಯ ಮಳೆಗೆ ಉಕ್ಕುವ ಕಲ್ಲಿನ ಸಂಪು ಹತ್ತು ಸಲ ತುಂಬುತ್ತದೆ. ಮಳೆನೀರಿನಲ್ಲಿ ಸುಣ್ಣವಿಲ್ಲ, ಆದ್ದರಿಂದ ಕಲ್ಲಿನ ಮೇಲೆ ಬಿಳಿ ಗೆರೆಯೂ ಇಲ್ಲ, ಬಾಯಿ ಕಟ್ಟುವುದೂ ಇಲ್ಲ. ಪ್ರತ್ಯೇಕ ತಣ್ಣೀರಿನ ಧಾರೆಯೇ ಮೇಲು ಅನ್ನಲು ನನಗೆ ಇದು ದೊಡ್ಡ ಕಾರಣ. ಟಬ್ಬಿಗೆ ತುಂಬಿಸಬೇಕಾದ ನೀರಿನ ನಿಯಮವೇ ಬೇರೆ, ಅಲಂಕಾರದ ನೀರು ಆಕಾಶದಿಂದಲೇ ಬರಬಹುದು. ಟಬ್ಬಿನ ನೀರನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಹೇಗೂ ಬದಲಿಸಬೇಕಲ್ಲ. ನನಗೆ ಪರಿಚಯದ ಒಂದು ಮನೆಯವರು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯ ಜೊತೆ ಟಬ್ಬನ್ನೂ ತೊಳೆದು, ಉಕ್ಕುವ ಕಲ್ಲಿನ ಸಂಪನ್ನೂ ಬಳಿದು, ಮೂರಕ್ಕೂ ಒಂದೊಂದು ಗೊಂಡೆ ಹೂವಿನ ಮಾಲೆ ಹಾಕುತ್ತಾರೆ.

ಆರಿಸುವ ಮುಂಚೆ ಒಂದು ರಾತ್ರಿ

ಯಾವುದನ್ನು ಆರಿಸಿದರೂ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತರ ಮೇಲೆ, ರಸ್ತೆ ಸ್ವಲ್ಪ ತಣ್ಣಗಾದಾಗ, ಟಬ್ಬಿನಲ್ಲಿ ನೀವು ಕೂತುಕೊಳ್ಳಿ. ಮನೆಯವರೊಬ್ಬರು ಟಬ್ಬಿನ ನೀರನ್ನೇ ಬಕೆಟ್ಟಿನಲ್ಲಿ ತೋಡಿ, ಧಾರೆ ಬರಬೇಕೆಂದಿರುವ ಜಾಗದಲ್ಲಿ ನಿಂತು ನಿಧಾನಕ್ಕೆ ಹೊಯ್ಯಲಿ. ಮೊದಲು ಒಂದಡಿ ಎತ್ತರದಿಂದ, ಆಮೇಲೆ ಎರಡಡಿ, ಆಮೇಲೆ ಒಂದು ಗೇಣು. ಪ್ರತಿ ಸಲವೂ ಮಾಮೂಲಿ ದನಿಯಲ್ಲಿ ಮಾತಾಡಿ, ಎದುರಿನವರಿಗೆ ಕೇಳಿಸಿತೋ ಕೇಳಿ. ಒಬ್ಬರು ಒಳಗೆ ಹೋಗಿ ಮಲಗುವ ಕೋಣೆಯಲ್ಲಿ ನಿಂತು ಕೇಳಲಿ. ಪಕ್ಕದ ಮನೆಯವರ ಕಿಟಕಿ ಹತ್ತಿರವಿದ್ದರೆ ಅವರನ್ನೂ ಕರೆದು ಕೇಳಿ. ಎಲ್ಲರಿಗೂ ಹಿತವಾದ ಎತ್ತರ ಸಿಕ್ಕಿದ ಕೂಡಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮರುದಿನ ಪ್ಲಂಬರ್ ಬಂದಾಗ ಫೋನಿನ ಫೋಟೋ ತೋರಿಸುವ ಮುಂಚೆ ಆ ಗೆರೆ ತೋರಿಸಿ.